ಗಾಳಿ ತಗ್ಗಿಸಿದ ಕೈ

ಸಾವಿರದ ಒಂಬೈನೂರ ನಲವತ್ತೆಂಟನೆಯ ಇಸವಿಯಲ್ಲಿ, ಐದನೆಯ ಕ್ಲಾಸಿನ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಿದ್ದಲ್ಲ. ಪುತ್ತಿಗೆಯ ಕಲ್ಲುಕೋರೆಯಲ್ಲಿ ಅಪ್ಪನ ಬೆನ್ನು ಹಿಡಿದುಕೊಂಡಿತು, ನಾನು ಅವರ ಪಿಕ್ಕಾಸು ಹಿಡಿದೆ. ಆಮೇಲೆ ನಾನು ಕಲಿತದ್ದೆಲ್ಲ ಇನ್ನೊಬ್ಬರ ಕೈ ನೋಡಿ. ಹಾಗಾಗಿ ಯಾರನ್ನು ನೆನೆದರೂ ನನಗೆ ಮೊದಲು ಮುಖ ಬರುವುದಿಲ್ಲ, ಕೈ ಬರುತ್ತದೆ.

ನರ್ಸ್‌ಬಾಯಿಯ ಕೈ ಬಿಳಿಚಿಕೊಂಡು, ಬೆರಳ ತುದಿಗಳು ನೆನೆಹಾಕಿದ ಕಡಲೆಯ ಹಾಗೆ ಸುಕ್ಕುಗಟ್ಟಿ ಇರುತ್ತಿತ್ತು. ದಿನವಿಡೀ ಬಿಸಿನೀರು, ಸಾಬೂನು, ಪುನಃ ಬಿಸಿನೀರು. ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೋ ಬಾಗಿಲಿಗೆ ಸಿಕ್ಕಿ ನಟ್ಟನಡುವೆ ಸೀಳಿಹೋಗಿ, ಹಾಗೆಯೇ ಬೆಳೆದಿತ್ತು. ಆ ಸೀಳು ಉಗುರಿನ ಬೆರಳಿನಿಂದ ಅವರು ಆಕ್ಸಿಜನ್ ಸಿಲಿಂಡರಿನ ತಿರುಪನ್ನು ಮೆಲ್ಲನೆ ತಗ್ಗಿಸುತ್ತಿದ್ದದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಹಾಲು ಉಕ್ಕದ ಹಾಗೆ ಒಲೆಯ ಸೌದೆಯನ್ನು ಒಂದಿಷ್ಟೇ ಹಿಂದಕ್ಕೆಳೆಯುವ ಹೆಂಗಸಿನ ಹಾಗೆ.

ಮೂಡುಬಿದಿರೆಯಲ್ಲಿ ಆಗ ಒಂದು ಸಣ್ಣ ಹೆರಿಗೆ ಆಸ್ಪತ್ರೆ ಇತ್ತು. ಈಗ ಆ ಕಟ್ಟಡವೂ ಇಲ್ಲ. ಒಬ್ಬ ಡಾಕ್ಟರು, ಅವರ ಕೈಕೆಳಗೆ ಈ ನರ್ಸ್‌ಬಾಯಿ. ನಮ್ಮ ಕಡೆ ಕ್ರಿಸ್ತಾನ ಹೆಂಗಸರನ್ನು ಬಾಯಿ ಎಂದೇ ಕರೆಯುವುದು, ಹಾಗಾಗಿ ಅವರು ಎಲ್ಲರಿಗೂ ನರ್ಸ್‌ಬಾಯಿ. ಊರು ಬಂಟ್ವಾಳದ ಹತ್ತಿರ. ಮದುವೆ ಆಗಿರಲಿಲ್ಲ. ಮದರಾಸಿನಲ್ಲಿ ಕಲಿತು ಬಂದವರು ಎಂದು ಜನ ಹೇಳುತ್ತಿದ್ದರು, ಅವರಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಕೊಂಕಣಿಯ ರಾಗದಲ್ಲಿ ತುಳು ಮಾತಾಡುತ್ತಿದ್ದರು. ಮಗುವನ್ನು ಮುಟ್ಟುವ ಮೊದಲು ಎರಡೂ ಅಂಗೈಗಳನ್ನು ತಮ್ಮ ಕೆನ್ನೆಗೆ ಒತ್ತಿ ಹಿಡಿದು ಬಿಸಿ ಮಾಡಿಕೊಳ್ಳುವುದು ಅವರ ಅಭ್ಯಾಸ. ಸುಡುವ ಬೇಸಗೆಯಲ್ಲಿಯೂ ಹಾಗೆಯೇ. “ತಣ್ಣನೆಯ ಕೈ ಅಂದರೆ ಬಾಲೆಗೆ ಬೈಗುಳ” ಎನ್ನುತ್ತಿದ್ದರು. ಬಾಲೆ ಎಂದರೆ ಮಗು.

ಗಂಡಸರ ಬಗ್ಗೆ ಅವರಿಗೆ ಹೆಚ್ಚು ಗೌರವ ಇದ್ದ ಹಾಗೆ ಕಾಣಲಿಲ್ಲ. ಹೆರಿಗೆ ಕೋಣೆಯ ಬಾಗಿಲಲ್ಲಿ ಇಣುಕುವ ಗಂಡಂದಿರಿಗೆ “ನೀವು ಹೊರಗೆ ಕೂತ್ಕೊಳ್ಳಿ, ನಿಮ್ಮ ಕೆಲಸ ಆಗಲೇ ಮುಗಿದಿದೆ” ಎನ್ನುತ್ತಿದ್ದರು. ಹೆಸರು ಕೇಳುವ ಪದ್ಧತಿ ಇಲ್ಲ. ಹೋಟೆಲಿನವನಾದರೆ ದೋಸೆಯವರೇ, ಬಸ್ಸಿನವನಾದರೆ ಟಿಕೇಟಿನವರೇ. ನಾನು ಕಲ್ಲಿನವರೇ.

ಆ ಕಾಲದಲ್ಲಿ ನನಗೆ ನನ್ನ ತೋಳಿನ ಬಗ್ಗೆ ಬಹಳ ಅಭಿಮಾನ. ಕೆಂಪು ಮುರಕಲ್ಲನ್ನು ನೆಲದಿಂದ ಕಡಿದು, ಚೌಕ ಮಾಡಿ, ಹೊತ್ತು ಮೇಲೆ ತರುವುದರಲ್ಲಿ ಪುತ್ತಿಗೆಯ ಕೋರೆಯಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಇದು ಕೊಚ್ಚಿಕೊಳ್ಳುವುದಲ್ಲ, ಇದ್ದ ವಿಷಯ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ, ಯಾರಿಂದಲೂ ಒಂದು ಮಾತು ಕೇಳಿಸಿಕೊಂಡವನಲ್ಲ. ಓದು ಇಲ್ಲದವನಿಗೆ ಬೇರೆ ಏನುಂಟು? ಮೈ ಉಂಟು, ಮಾನ ಉಂಟು.

ಅರವತ್ತೊಂದರಲ್ಲಿ ನನ್ನ ಹೆಂಡತಿ ಚೊಚ್ಚಲು ಹೆರಿಗೆಗೆ ವೇಣೂರಿನ ಹತ್ತಿರದ ತಾಯಿಮನೆಯಲ್ಲಿದ್ದಳು. ನಮ್ಮವರಲ್ಲಿ ಮಕ್ಕಳು ತಾಯಿಯ ಬಳಿಗೆ ಸೇರಿದವರು. ಬಳಿ ಎಂದರೆ ವಂಶದ ಹೆಸರು. ಅಮ್ಮನ ಬಳಿ ಯಾವುದೋ ಮಗುವಿನದೂ ಅದೇ. ಅಪ್ಪನ ಬಳಿ ಬೇರೆ, ಒಂದೇ ಬಳಿಯೊಳಗೆ ಮದುವೆ ಇಲ್ಲ. ಮಗುವಿನ ಮೇಲೆ ಮಾತು ನಡೆಯುವುದು ತಾಯಿಯ ಅಣ್ಣತಮ್ಮಂದಿರದ್ದು, ಅಪ್ಪನದ್ದಲ್ಲ. ಅಪ್ಪ ಎತ್ತಿ ಆಡಿಸಬಹುದು, ಬಟ್ಟೆ ತಂದುಕೊಡಬಹುದು. ನಾನೂ ಹಾಗೆಯೇ ನನ್ನ ಸೋದರಮಾವನ ಮಾತಿನಲ್ಲಿ ಬೆಳೆದವನು. ಅದರಲ್ಲಿ ಏನೋ ಕೊರತೆ ಉಂಟೆಂದು ನನಗೆ ಎಂದೂ ಅನ್ನಿಸಿರಲಿಲ್ಲ.

ಎಂಟನೆಯ ತಿಂಗಳಲ್ಲೇ ಹೆರಿಗೆ ಆಯಿತು. ಮನೆಯಲ್ಲೇ, ಬೆಳಗಿನ ಜಾವಕ್ಕೆ. ಹೆಣ್ಣು ಮಗು, ಅಂಗೈಯಲ್ಲಿ ಹಿಡಿಯುವಷ್ಟು. ಹೊಕ್ಕುಳ ಬಳ್ಳಿಗೆ ಕಟ್ಟಿದ ನೂಲು ಸಡಿಲವಾದದ್ದು ಯಾರಿಗೂ ತಿಳಿಯಲಿಲ್ಲ. ಸುತ್ತಿದ ಬಟ್ಟೆಯೊಳಗೆ ಮೆಲ್ಲಗೆ ಜಿನುಗುತ್ತಲೇ ಇತ್ತು. ಹೊರಗಿನ ಬಟ್ಟೆ ಒದ್ದೆಯಾದಾಗಲೇ ಗೊತ್ತಾದದ್ದು. ಅತ್ತೆ ಬಿಗಿಯಾಗಿ ಇನ್ನೊಂದು ಕಟ್ಟು ಹಾಕಿ, ಮಗುವನ್ನು ತಮ್ಮ ಹೊಟ್ಟೆಗೊತ್ತಿ ಸೀರೆಯೊಳಗೆ ಹುದುಗಿಸಿಕೊಂಡು, ಮಗಳನ್ನೂ ಹತ್ತಿಸಿಕೊಂಡು ಬೆಳಗ್ಗಿನ ಬಸ್ಸಿನಲ್ಲಿ ಮೂಡುಬಿದಿರೆಗೆ ಬಂದರು. ಬಸ್ಸಿನವನು ಕೋರೆಗೆ ಸುದ್ದಿ ಮುಟ್ಟಿಸಿದ. ನಾನು ಇದ್ದ ಹಾಗೆಯೇ ಓಡಿದೆ, ತಲೆಯಿಂದ ಪಾದದವರೆಗೆ ಕೆಂಪು ಧೂಳು.

ಮಗು ಒಂದು ತಗಡಿನ ಪೆಟ್ಟಿಗೆಯಲ್ಲಿತ್ತು. ಸುತ್ತ ಹತ್ತಿ, ಬಿಸಿನೀರಿನ ಸೀಸೆಗಳು. ಮುಖದ ಮೇಲೆ ಒಂದು ಗಾಜಿನ ಆಲಿಕೆ, ಅದಕ್ಕೆ ಸಿಲಿಂಡರಿನಿಂದ ರಬ್ಬರ್ ಕೊಳವೆ. ಬಾಳೆದಿಂಡಿನ ಬಣ್ಣದ ಮೈ. ತುಟಿಯಲ್ಲಿ ಬೂದಿ ಮೆತ್ತಿದ ಹಾಗೆ. ಹೊಟ್ಟೆ ಗುಬ್ಬಿಯ ಎದೆಯ ಹಾಗೆ ಬಡಬಡ ಏರಿಳಿಯುತ್ತಿತ್ತು, ನೋಡನೋಡುತ್ತಿದ್ದಂತೆ ನಿಂತೇಹೋಗುತ್ತಿತ್ತು. ಆಗ ನರ್ಸ್‌ಬಾಯಿ ಆ ಪಾದಕ್ಕೆ ಬೆರಳಿನಿಂದ ಮೆಲ್ಲಗೆ ಚಿಮ್ಮುತ್ತಿದ್ದರು. “ಮರೆತುಬಿಟ್ಟೆಯಾ? ಉಸಿರು, ಉಸಿರು” ಎನ್ನುತ್ತಿದ್ದರು, ಪಾಠ ಮರೆತ ಹುಡುಗಿಗೆ ಹೇಳುವ ಹಾಗೆ. ಪುನಃ ಶುರುವಾಗುತ್ತಿತ್ತು.

ಆಲಿಕೆಯ ಕೆಳಗೆ ಹೀಗೆ ಉಸಿರಿಗೆ ಒದ್ದಾಡುವ ಮಗುವನ್ನು ಇಟ್ಟುಕೊಂಡು ಅವರು ಮಾಡುತ್ತಿದ್ದದ್ದೇನು? ಸೀಳು ಉಗುರಿನ ಆ ಬೆರಳಿನಿಂದ ತಿರುಪನ್ನು ತಗ್ಗಿಸುತ್ತಿದ್ದರು.

ಕಿಟಕಿಯ ಹೊರಗೆ ನಿಂತು ನಾನು ಅದನ್ನು ನೋಡಿದೆ. ಗಂಡಸರನ್ನು ಒಳಗೆ ಬಿಡದಿದ್ದ ಕೋಣೆಗೆ ನುಗ್ಗಿದೆ.

“ಯಾಕೆ ಕಡಿಮೆ ಮಾಡುವುದು? ಪೂರ್ತಿ ಬಿಡಿ.”

“ಹೆಚ್ಚು ಗಾಳಿ ಇಷ್ಟು ಸಣ್ಣ ಬಾಲೆಗೆ ಒಳ್ಳೆಯದಲ್ಲ, ಕಲ್ಲಿನವರೇ. ಕಣ್ಣಿಗೆ ಕೆಟ್ಟದು.”

“ಮೂಗಿಗೆ ಬಿಡುವ ಗಾಳಿಗೂ ಕಣ್ಣಿಗೂ ಏನು ಸಂಬಂಧ? ಸಿಲಿಂಡರು ತುಂಬಿದ್ದು ಉಂಟಲ್ಲ? ಖಾಲಿಯಾದರೆ ನಾನು ಮಂಗಳೂರಿನಿಂದ ಹೊತ್ತು ತರ್ತೇನೆ.”

“ಹೊತ್ತು ತರುವ ಕೆಲಸ ಅಲ್ಲ ಇದು. ನೀವು ಕಡವಿನಲ್ಲಿ ಹೊಳೆ ದಾಟಿದವರಲ್ಲವಾ? ದಡದಲ್ಲಿ ಜನ ತುಂಬಿದ್ದಾರೆ, ದೋಣಿ ಒಂದೇ ಉಂಟು. ಇನ್ನೂ ಜನ ತಂದು ದಡದಲ್ಲಿ ನಿಲ್ಲಿಸಿದರೆ ಆಚೆ ಹೆಚ್ಚು ಜನ ಹೋಗ್ತಾರಾ? ಗಾಳಿಯನ್ನು ಮೈಯೆಲ್ಲ ಹೊತ್ತು ತಿರುಗುವುದು ರಕ್ತ. ಇದರ ರಕ್ತ ಬಟ್ಟೆಯ ಪಾಲಾಗಿದೆ. ಇದಕ್ಕೀಗ ದೋಣಿ ಬೇಕು.”

ಇಷ್ಟು ಬಿಡಿಸಿ ಹೇಳಿದವರಿಗೆ ನಾನು ಕೊಟ್ಟ ಉತ್ತರವನ್ನು ಬರೆಯಲು ಈಗಲೂ ಕೈ ಹಿಂದೆ ಬರುತ್ತದೆ. “ನಿನ್ನ ಅಪ್ಪನ ಮನೆಯ ಗಾಳಿಯಾ ಅದು, ಹಿಡಿದು ಹಿಡಿದು ಬಿಡಲಿಕ್ಕೆ?” ಎಂದು ಕೂಗಿದೆ. ಆಚೆ ಕೋಣೆಯ ಬಾಣಂತಿಯರಿಗೂ ಕೇಳಿರಬೇಕು.

ಅವರು ತಿರುಪನ್ನು ಒಂದಿಷ್ಟು ಏರಿಸಿದರು. ಸ್ವಲ್ಪ ಹೊತ್ತು ಹಾಗೆಯೇ ಇಟ್ಟು, ನಾನು ಬಾಗಿಲಿಗೆ ಸರಿದ ಮೇಲೆ, ಪುನಃ ಮೊದಲಿದ್ದಲ್ಲಿಗೆ ತಂದರು. ಏರಿಸಿದ್ದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದೆ. ನನ್ನ ಮಾತು ನಡೆಯಿತು ಎಂದುಕೊಂಡೆ.

ಡಾಕ್ಟರು ಬಂದು ನೋಡಿ, ರಕ್ತ ಕೊಡದೆ ದಾರಿ ಇಲ್ಲ ಎಂದರು. ಬಾಣಂತಿಯಿಂದ ತೆಗೆಯುವ ಹಾಗಿಲ್ಲ, ಅವಳೇ ಬಾಡಿದ್ದಾಳೆ. ಮನೆಯವರು ಯಾರಾದರೂ ಆಗಬಹುದು, ಹೊಂದಿದರೆ ಸರಿ, ಬೇಗ ಆಗಬೇಕು. ಇಷ್ಟು ಹೇಳಿ ಅವರು ಇನ್ನೊಂದು ಹೆರಿಗೆಗೆ ಹೋದರು.

ನನ್ನ ಅತ್ತೆ ನನ್ನೊಂದಿಗೆ ನೇರವಾಗಿ ಮಾತಾಡುವವರಲ್ಲ. ಅಳಿಯನಿಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು. ಆಗಲೂ ಗೋಡೆಯ ಕಡೆ ತಿರುಗಿ, “ಮಗು ನಮ್ಮ ಬಳಿಯದ್ದು. ಬೇರೆ ಬಳಿಯ ರಕ್ತ ಅದಕ್ಕೆ ಹಿಡಿಯುವುದಿಲ್ಲ. ಮಗನಿಗೆ ಹೇಳಿ ಕಳಿಸಿದೆ, ಬಂಟ್ವಾಳದಿಂದ ಬರ್ತಾನೆ” ಎಂದರು. ಮಗ ಎಂದರೆ ನನ್ನ ಭಾವ, ಹೆಂಡತಿಯ ಅಣ್ಣ. ಬಂಟ್ವಾಳದ ಅಕ್ಕಿ ಮಿಲ್ಲಿನಲ್ಲಿ ಕೆಲಸ.

ನರ್ಸ್‌ಬಾಯಿ ನನ್ನ ಮುಖ ನೋಡಿದರು. “ಅಪ್ಪ ಇಲ್ಲೇ ಉಂಟಲ್ಲ. ಬೆರಳು ಕೊಡಿ ನೋಡುವ.”

ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಹೆದರಿಕೆಯಿಂದ ಅಲ್ಲ. ಅತ್ತೆ ಹೇಳಿದ್ದು ಸರಿ ಎಂದೇ ನನಗೂ ಇತ್ತು. ಬೇರೆಯವರ ತೋಟದ ನೀರಿನ ಪಾಳಿಗೆ ಕೈಹಾಕಿದ ಹಾಗೆ ಅನ್ನಿಸಿತು. “ಅದು ಅವರ ಮನೆಯ ಮಗು, ಬಾಯಿ. ಭಾವ ಬರಲಿ” ಎಂದೆ.

“ನಿಮ್ಮಲ್ಲಿ ಬಳಿ ಎಷ್ಟುಂಟು?”

“ಹದಿನಾರು ಅಂತಾರೆ.”

“ನಮ್ಮ ಸೀಸೆಯಲ್ಲಿ ನಾಲ್ಕೇ ಬಳಿ ಇರುವುದು. ಬ್ರಾಹ್ಮಣನಿಗೂ ಬ್ಯಾರಿಗೂ ನನಗೂ ನಿಮಗೂ ಅದರಲ್ಲೇ ಒಂದು. ಅಣ್ಣತಂಗಿ ಬೇರೆಬೇರೆ ಇರ್ತಾರೆ, ದಾರಿಯಲ್ಲಿ ಹೋಗುವವ ಒಂದೇ ಇರ್ತಾನೆ.”

ನಾನು ನಂಬಲಿಲ್ಲ. ಅವರು ಪುನಃ ಹೋಗಿ ಪಾದಕ್ಕೆ ಬೆರಳು ಚಿಮ್ಮಿದರು. ಹಾಗೆ ಚಿಮ್ಮುವುದು ಹೆಚ್ಚುಹೆಚ್ಚು ಆಗುತ್ತಿತ್ತು. ನಾನು ಬೆಂಚಿನಲ್ಲಿ ಕೂತು ಬಸ್ಸಿನ ಹಾರ್ನಿಗೆ ಕಿವಿಕೊಟ್ಟೆ. ಕಲ್ಲು ಎತ್ತುವ ಎರಡು ಕೈ ತೊಡೆಯ ಮೇಲೆ ಬಿದ್ದಿದ್ದವು, ಯಾರದೋ ಸಾಮಾನು ನನ್ನ ಬಳಿ ಇಟ್ಟು ಹೋದ ಹಾಗೆ.

ಭಾವ ಮಧ್ಯಾಹ್ನದ ಬಸ್ಸಿಗೆ ಬಂದ, ಮೈಯೆಲ್ಲ ತವುಡು. ನರ್ಸ್‌ಬಾಯಿ ಅವನ ಬೆರಳು ಚುಚ್ಚಿ, ಗಾಜಿನ ಚೂರಿನ ಮೇಲೆ ಒಂದು ತೊಟ್ಟು ಹಾಕಿ, ಅದರ ಜೊತೆ ಏನೋ ಕಲಸಿ ಕಿಟಕಿಯ ಬೆಳಕಿಗೆ ಹಿಡಿದರು. ನಾವೆಲ್ಲ ಇಣುಕಿದೆವು. ಹುಳಿ ಬಿದ್ದ ಹಾಲಿನ ಹಾಗೆ ಅದು ಗಂಟುಗಂಟಾಗಿ ಒಡೆಯಿತು.

“ಆಗುವುದಿಲ್ಲ” ಎಂದರು.

ಭಾವನಿಗೆ ಅಂಥ ಹೊತ್ತಿನಲ್ಲೂ ನಾಲಿಗೆ ಸುಮ್ಮನಿರುವುದಿಲ್ಲ. “ನಮ್ಮ ಮನೆಯ ಮಗುವಿಗೆ ನನ್ನ ರಕ್ತ ಆಗುವುದಿಲ್ಲವಾ? ಅಮ್ಮ, ನಾನು ಯಾರ ಮಗ ಅಂತ ಒಮ್ಮೆ ನೆನಪು ಮಾಡಿ ಹೇಳು” ಎಂದ. ಅತ್ತೆ ಕೈಯಲ್ಲಿದ್ದ ಬೀಸಣಿಗೆಯಿಂದ ಅವನ ತಲೆಗೆ ಒಂದು ಕೊಟ್ಟರು. ಕೊಟ್ಟು, ಗೋಡೆಯ ಕಡೆ ತಿರುಗಿದರು. ಈ ಸಲ ಗೋಡೆಗೆ ಹೇಳದೆ ಬೀಸಣಿಗೆ ಬೀಸಿಕೊಂಡರು.

ಆಗ ಮಂಚದಿಂದ ನನ್ನ ಹೆಂಡತಿಯ ಸ್ವರ ಕೇಳಿತು. ಬೆಳಗ್ಗಿನಿಂದ ಅವಳು ಬಾಯಿ ಬಿಟ್ಟಿರಲಿಲ್ಲ. “ಅದಕ್ಕೆ ಇರುವುದು ಇವರದ್ದೇ ಮೂಗು. ನಿಮಗೆ ಯಾರಿಗೂ ಕಾಣುವುದಿಲ್ಲವಾ?” ಎಂದಳು.

ನರ್ಸ್‌ಬಾಯಿ ನನ್ನ ತೋಳು ಹಿಡಿದು ಎಬ್ಬಿಸಿದರು. ಮೊದಲು ಬೆರಳು ಚುಚ್ಚಿ ನೋಡಿದರು. ನನ್ನ ತೊಟ್ಟು ಗಾಜಿನ ಮೇಲೆ ಒಡೆಯಲಿಲ್ಲ, ನುಣ್ಣಗೆ ಕುಂಕುಮದ ನೀರಿನ ಹಾಗೆ ಉಳಿಯಿತು. ಆಮೇಲೆ ಅವರೇ ನನ್ನ ತೋಳನ್ನು ಬೋಗುಣಿಯ ಮೇಲೆ ಹಿಡಿದು ತೊಳೆದರು. ಸಾಬೂನು ಹಚ್ಚಿ ತಿಕ್ಕಿದಷ್ಟೂ ಕೆಂಪು ನೀರು ಇಳಿಯುತ್ತಿತ್ತು. “ರಕ್ತ ಹೊರಗೇ ಇಷ್ಟುಂಟಲ್ಲ ಮಾರಾಯ್ರೆ, ಸೂಜಿ ಯಾಕೆ ಬೇಕು” ಎಂದರು. ಅಷ್ಟೆಲ್ಲ ಕೂಗಿದವನ ಕೈಯನ್ನು ಹೀಗೆ ತೊಳೆಯುವವರನ್ನು ನಾನು ನೋಡಿರಲಿಲ್ಲ. ತಲೆ ಎತ್ತಲು ಆಗಲಿಲ್ಲ. ಅವರ ಸುಕ್ಕುಗಟ್ಟಿದ ಬೆರಳುಗಳನ್ನೇ ನೋಡುತ್ತ ನಿಂತೆ.

ಡಾಕ್ಟರು ಬಂದು ತೋಳಿನ ನರಕ್ಕೆ ಸೂಜಿ ಹಾಕಿದರು. ಕೋರೆಯಲ್ಲಿ ಕಾಲ ಬೆರಳ ಮೇಲೆ ಕಲ್ಲು ಬಿದ್ದಾಗ ನಾನೇ ಉಗುರು ಕಿತ್ತು ಬಿಸಾಡಿದವನು. ಆದರೆ ನನ್ನೊಳಗಿನದ್ದು ಗಾಜಿನ ಕೊಳವೆಯಲ್ಲಿ ಕಪ್ಪುಕೆಂಪಾಗಿ ಏರುವುದನ್ನು ನೋಡಿದೆ, ಪೆಟ್ಟಿಗೆಯಲ್ಲಿದ್ದ ಆ ಬಾಳೆದಿಂಡಿನ ಬಣ್ಣವನ್ನು ನೋಡಿದೆ, ಕಿವಿಯಲ್ಲಿ ಜೇನು ಹಾರಿದ ಹಾಗಾಯಿತು. ಅವರಿಗೆ ಬೇಕಾದಷ್ಟು ಸಿಕ್ಕಿತ್ತು. ಸೂಜಿ ತೆಗೆದು, ಡಾಕ್ಟರು ಅದನ್ನು ಹಿಡಿದುಕೊಂಡು ಆಚೆ ಕೋಣೆಗೆ ಹೋದರು. ನಾನು ಎದ್ದು ನಿಂತೆ. ಎದ್ದದ್ದು ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ನೆಲದಲ್ಲಿದ್ದೆ. ಸೊಂಟದ ಕೆಳಗೆ ಬಿಸಿ. ಏನಾಗಿದೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದ ಗಂಡಸು, ಅತ್ತೆಮನೆಯವರು ಬಾಗಿಲಾಚೆ ಇರುವಾಗ, ಕಣ್ಣು ಮುಚ್ಚಿ ಮಲಗಿದ್ದ ಹೆಂಡತಿಯ ಮಂಚದ ಬುಡದಲ್ಲಿ, ಸಣ್ಣ ಮಗುವಿನ ಹಾಗೆ ಉಟ್ಟ ಪಂಚೆಯಲ್ಲೇ ಒದ್ದೆಯಾಗಿ ಬಿದ್ದಿದ್ದೆ. ಬಾಗಿಲ ಹೊರಗೆ ಭಾವನ ಹೆಜ್ಜೆ ಕೇಳಿಸಿತು. “ಏನದು ಬಿದ್ದ ಸದ್ದು?” ಎನ್ನುತ್ತ ಒಳಗೆ ಬರುತ್ತಿದ್ದ.

ನರ್ಸ್‌ಬಾಯಿ ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಬೋಗುಣಿಯನ್ನು ನೋಡಿದರು. ಮೊಣಕೈಯಿಂದ ಅದನ್ನು ತಳ್ಳಿದರು. ನನ್ನ ತೋಳು ತೊಳೆದ ಆ ಕೆಂಪು ನೀರು ಪೂರ್ತಿ ನನ್ನ ಮೇಲೆ ಬಿತ್ತು, ಎದೆಯಿಂದ ಮೊಣಕಾಲಿನವರೆಗೆ.

“ಅಯ್ಯೋ, ನನ್ನ ಕೈಯೇ ಹೀಗೆ. ಪಾಪ, ಬಿದ್ದವರ ಮೇಲೆ ನೀರನ್ನೂ ಚೆಲ್ಲಿದೆ” ಎಂದರು, ಒಳಗೆ ಬಂದ ಭಾವನಿಗೆ ಕೇಳುವ ಹಾಗೆ. ಅವನಿಂದಲೇ ಒಂದು ಒಣಗಿದ ಬಟ್ಟೆ ತರಿಸಿದರು.

ಆಮೇಲೆ ಅವರು ನನ್ನ ಕಡೆ ತಿರುಗಲಿಲ್ಲ, ಅವರಿಗೆ ಕೆಲಸ ಇತ್ತು. ಡಾಕ್ಟರು ಸಿರಿಂಜಿನಿಂದ ಮೆಲ್ಲಮೆಲ್ಲನೆ ರಕ್ತವನ್ನು ಮಗುವಿಗೆ ಏರಿಸುತ್ತಿದ್ದರು. ಹಕ್ಕಿಮರಿಗೆ ನೀರು ಕುಡಿಸುವಾಗಲೂ ಅಷ್ಟು ನಿಧಾನ ಮಾಡುವುದಿಲ್ಲ. ನರ್ಸ್‌ಬಾಯಿ ತುಟಿಯ ಮೇಲೆ ಕಣ್ಣು ನೆಟ್ಟು ನಿಂತಿದ್ದರು. ಪಾದವನ್ನು ಬೆರಳಿನಿಂದ ಒತ್ತುವರು, ಬಿಡುವರು, ಬಣ್ಣ ಪುನಃ ಬರುವುದನ್ನು ಕಾಯುವರು. ಆಗ ನಮ್ಮ ಕಡೆ ರಕ್ತದಲ್ಲಿ ಗಾಳಿ ಎಷ್ಟುಂಟೆಂದು ಅಳೆದು ಹೇಳುವ ಯಂತ್ರ ಇರಲಿಲ್ಲ. ಅವರ ಕಣ್ಣೇ ಯಂತ್ರ.

ನಾನು ಬೆಂಚಿನ ಮೇಲೆ ಇನ್ನೊಬ್ಬರ ಪಂಚೆ ಸುತ್ತಿಕೊಂಡು ಕೂತಿದ್ದೆ. ಸಂಜೆಯ ಬಿಸಿಲು ಕಿಟಕಿಯಿಂದ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಬಿಸಿಲಿನಿಂದ ಹಾಗೆ ಕಾಣುತ್ತಿದೆ ಎಂದೇ ಮೊದಲು ನಾನು ತಿಳಿದೆ. ಬಿಸಿಲು ಸರಿದ ಮೇಲೂ ತುಟಿಯ ಬಣ್ಣ ಹೋಗಲಿಲ್ಲ. ಹಲಸಿನ ಎಳೆಯ ಚಿಗುರಿನ ಹಾಗೆ ನಸುಗೆಂಪು. ಹೊಟ್ಟೆಯ ಬಡಿತ ತಗ್ಗಿತ್ತು. ಪಾದಕ್ಕೆ ಚಿಮ್ಮುವ ಕೆಲಸ ನಿಂತಿತ್ತು.

ನರ್ಸ್‌ಬಾಯಿ ತಿರುಪನ್ನು ಒಂದಿಷ್ಟು ತಗ್ಗಿಸಿ ತುಟಿ ನೋಡಿದರು. ಇನ್ನೊಂದಿಷ್ಟು ತಗ್ಗಿಸಿದರು, ನೋಡಿದರು. ಮೊದಲು ಅಷ್ಟು ಗಾಳಿ ಬಿಟ್ಟರೂ ಬೂದಿಯಾಗಿದ್ದ ತುಟಿ, ಈಗ ಅದರ ಅರ್ಧಕ್ಕೂ ಬಣ್ಣ ಬಿಡಲಿಲ್ಲ. ಕತ್ತಲಾಗುವ ಮೊದಲು ಅವರು ತಿರುಪನ್ನು ಪೂರ್ತಿ ಮುಚ್ಚಿ, ಆಲಿಕೆಯನ್ನು ಪಕ್ಕಕ್ಕಿಟ್ಟು, ಬಾಗಿ ನಿಂತರು. ನಿಂತೇ ಇದ್ದರು.

“ದೋಣಿ ಬಂತು. ಇನ್ನು ಇದಕ್ಕೆ ಊರ ಗಾಳಿ ಸಾಕು” ಎಂದರು.

ಅತ್ತೆ ಆ ದಿನ ಮೊದಲ ಬಾರಿಗೆ ಗೋಡೆಯನ್ನು ಬಿಟ್ಟು ನನಗೆ ಹೇಳಿದರು: “ಎಳನೀರು ಕುಡಿಯಿರಿ.”

ನಾನು ಕುಡಿದೆ. ಯಾರ ಮುಖವನ್ನೂ ನೋಡಲಿಲ್ಲ.

ಸುದ್ದಿ ಕೋರೆಗೆ ನನಗಿಂತ ಮೊದಲೇ ಮುಟ್ಟಿತ್ತು. ಭಾವನ ಬಾಯಿ ಅಲ್ಲವಾ? “ಮುರಕಲ್ಲು ಕಡಿಯುವವ ಸೂಜಿಗೆ ಬಿದ್ದನಂತೆ” ಎಂದು ನಗುತ್ತಿದ್ದರು. ಕೆಲವರು ಇನ್ನೂ ಮುಂದೆ ಹೋಗಿ, “ಅಪ್ಪನ ಬಳಿ ಮಗಳೊಳಗೆ ಸೇರಿತಲ್ಲ, ಇನ್ನು ಅವಳಿಗೆ ಎರಡು ಬಳಿಯನ್ನೂ ಬಿಟ್ಟು ಗಂಡು ಹುಡುಕಬೇಕು” ಎಂದರು. ಅದನ್ನೆಲ್ಲ ನಾನು ತಡೆದುಕೊಂಡೆ. ತಮಾಷೆಗೆ ತಮಾಷೆ ಕೊಟ್ಟೆ. ಆದರೆ ಅವರಿಗೆ ಗೊತ್ತಿಲ್ಲದ ಒಂದು ವಿಷಯ ಇತ್ತಲ್ಲ, ಅದು ಇಡೀ ಲೋಕದಲ್ಲಿ ಒಬ್ಬರಿಗೆ ಗೊತ್ತಿತ್ತು. ಅವರು ಮೂಡುಬಿದಿರೆಯ ಪೇಟೆಯಲ್ಲಿ ಕೊಡೆ ಹಿಡಿದು ಓಡಾಡುತ್ತಿದ್ದರು.

ನನ್ನನ್ನು ಬದುಕಿನಲ್ಲಿ ಅಷ್ಟು ಸಣ್ಣದಾಗಿ ಕಂಡವರು ಬೇರೆ ಯಾರೂ ಇಲ್ಲ. ಅದನ್ನು ಮುಚ್ಚಿದವರೂ ಅವರೇ. ಆ ಎರಡನ್ನು ಒಟ್ಟಿಗೆ ಹೊತ್ತು ಅವರ ಎದುರು ನಿಲ್ಲುವುದು ನನ್ನಿಂದಾಗಲಿಲ್ಲ. ದೂರದಲ್ಲಿ ಆ ಕೊಡೆ ಕಂಡರೆ ಪಕ್ಕದ ಅಂಗಡಿಗೆ ಹೊಕ್ಕು ಬೇಡದ ಸಾಮಾನಿನ ಬೆಲೆ ಕೇಳುತ್ತಿದ್ದೆ. ಒಮ್ಮೆ ಬಳೆ ಅಂಗಡಿಗೆ ಹೊಕ್ಕು, ಬಳೆಗಾರ ಕೈಯ ಅಳತೆ ಕೇಳಿದಾಗ ನನ್ನ ಕೈಯನ್ನೇ ತೋರಿಸಿದ್ದೆ. ಬೆಳ್ತಂಗಡಿಯಲ್ಲಿ ಒಂದು ಕಟ್ಟಡಕ್ಕೆ ಕಲ್ಲು ಕಡಿಯುವ ಕೆಲಸ ಬಂದಾಗ, ಮೂಡುಬಿದಿರೆಯ ದಾರಿ ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡು ಬೇಸಗೆಯಿಡೀ ಅಲ್ಲೇ ಇದ್ದೆ.

ಆದರೆ ಹೆಂಡತಿ ಮಗಳೊಂದಿಗೆ ಪೇಟೆಗೆ ಹೋಗುವಾಗ ಎಷ್ಟು ಸಲ ತಪ್ಪಿಸಿಕೊಳ್ಳಬಹುದು? ನಾನು ಅಂಗಡಿಯೊಳಗಿನಿಂದ ನೋಡುತ್ತಿದ್ದೆ. ನರ್ಸ್‌ಬಾಯಿ ಕೊಡೆ ಮಡಚಿ, ಕೈಗಳನ್ನು ಕೆನ್ನೆಗೊತ್ತಿ ಬಿಸಿ ಮಾಡಿಕೊಂಡು, ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಮಗು ಸಣ್ಣದಿರುವಾಗ ಒಂದು ದಾಸವಾಳದ ಹೂವನ್ನು ಅದರ ಮುಖದೆದುರು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು. ಸ್ವಲ್ಪ ದೊಡ್ಡದಾದ ಮೇಲೆ ದೂರದ ಬಸದಿಯ ಕಡೆ ಬೆರಳು ಮಾಡಿ ಏನೋ ಕೇಳುತ್ತಿದ್ದರು. ಮಗಳು ಏನೋ ಹೇಳುತ್ತಿದ್ದಳು. ನರ್ಸ್‌ಬಾಯಿ ನಗುತ್ತಿದ್ದರು. ನಾನಿದ್ದ ಅಂಗಡಿಯ ಕಡೆ ಒಮ್ಮೆ ನೋಡಿ, ಕೊಡೆ ಬಿಚ್ಚಿಕೊಂಡು ಹೋಗುತ್ತಿದ್ದರು. ನಾನು ಒಳಗೆ ಬೆವರುತ್ತಿದ್ದೆ. ಮಗಳಿಗೆ ಅಪ್ಪನ ಕತೆ ಹೇಳಿ ನಗಿಸುತ್ತಿದ್ದಾರೋ ಎಂದು ಒಂದು ಸಲ ಸಂಶಯವೂ ಬಂತು. ಆ ಸಂಶಯ ನನ್ನ ತಲೆಯಲ್ಲಿ ಹುಟ್ಟಿತು ಎಂಬುದೇ ನನಗೆ ಈಗ ನಾಚಿಕೆ.

ಮಗಳು ಶಾಲೆಗೆ ಸೇರಿದ ಮೇಲೆ ಒಮ್ಮೆ ಕೇಳಿದೆ, “ಆ ಬಾಯಿ ನಿನ್ನ ಹತ್ತಿರ ಏನು ಮಾತಾಡುವುದು?”

“ಬಸ್ಸಿನ ಬೋರ್ಡು ಓದಿಸ್ತಾರೆ ಅಪ್ಪ. ಒಂದು ಬೋರ್ಡು ಓದಿದರೆ ಅದಕ್ಕಿಂತ ದೂರದ್ದನ್ನು ಓದು ಅಂತಾರೆ. ಅವರಿಗೆ ಓದಲಿಕ್ಕೆ ಬರುವುದಿಲ್ಲವಾ?”

ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಅರವತ್ತೊಂಬತ್ತರ ಮಳೆ ಮುಗಿಯುವ ಹೊತ್ತಿಗೆ ನರ್ಸ್‌ಬಾಯಿ ಜ್ವರದಲ್ಲಿ ತೀರಿಹೋದರು. ಬಂಟ್ವಾಳದ ಕಡೆಯ ಅವರ ಊರಿನ ಇಗರ್ಜಿಯಲ್ಲಿ ಮಣ್ಣು ಮಾಡಿ ಆಗಿತ್ತು, ನಮಗೆ ತಿಳಿದದ್ದು ಆಮೇಲೆ. ಹೆಂಡತಿ ಸೀರೆ ಬದಲಾಯಿಸಿ ಹೊರಟು ನಿಂತಳು. ನಾನು ಕೋರೆಗೆ ಹೋಗಬೇಕು ಎಂದೆ. ಅವಳು ನನ್ನ ಮುಖ ನೋಡಿ, ಎಂಟು ವರ್ಷ ಹೇಳದಿದ್ದದ್ದನ್ನು ಹೊಸ್ತಿಲಲ್ಲಿ ನಿಂತು ಹೇಳಿದಳು.

ನಮ್ಮ ಮಗುವಿಗಿಂತ ಎಷ್ಟೋ ಮೊದಲು, ಬೇರೆ ಊರಿನ ಆಸ್ಪತ್ರೆಯಲ್ಲಿ, ನರ್ಸ್‌ಬಾಯಿ ಇಂಥದ್ದೇ ತಿಂಗಳು ತುಂಬದ ಒಂದು ಮಗುವನ್ನು ನೋಡಿಕೊಂಡಿದ್ದರಂತೆ. ಹೆಚ್ಚು ಗಾಳಿ ಕಣ್ಣು ಕೆಡಿಸುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲವಂತೆ. ಪಾಪ ಕಂಡು, ದಿನಗಟ್ಟಲೆ ತಿರುಪನ್ನು ಪೂರ್ತಿ ತೆರೆದೇ ಇಟ್ಟರಂತೆ. ಮಗು ಬದುಕಿತು. “ಬದುಕಿತು, ಆದರೆ ಒಮ್ಮೆಯೂ ನನ್ನ ಮುಖ ನೋಡಲಿಲ್ಲ” ಎಂದು ಹೇಳಿದ್ದರಂತೆ.

“ನಮ್ಮ ಮಗುವಿನ ಬಗ್ಗೆ ಹೇಳ್ತಿದ್ದರು,” ಹೆಂಡತಿ ಮಾತು ಮುಂದುವರಿಸಿದಳು, “ಅವತ್ತು ನೀವು ಕೂಗಿದಾಗ ಕೈ ತಪ್ಪಿ ಸ್ವಲ್ಪ ಹೆಚ್ಚೇ ತಿರುಗಿಸಿದೆನೋ ಏನೋ ಅಂತ. ಆ ಸಂಶಯ ಅವರಿಗೆ ಹೋಗಲೇ ಇಲ್ಲ. ಅದಕ್ಕೇ ಕಂಡಲ್ಲೆಲ್ಲ ಹೂ ತೋರಿಸುವುದು, ಬೋರ್ಡು ಓದಿಸುವುದು. ಇವಳು ಸರಿಯಾಗಿ ಹೇಳಿದರೆ ಆ ದಿನ ಅವರಿಗೆ ಊಟ ಸೇರ್ತದಂತೆ.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳುವುದು ಬೇಡ ಅಂದಿದ್ದರು, ನಿಮಗೆ ಬೇಸರ ಆಗ್ತದೆ ಅಂತ. ಮತ್ತೆ ನಿಮಗೆ ಹೇಳುವುದಾದರೂ ಹೇಗೆ? ಅವರ ಸುದ್ದಿ ತೆಗೆದರೆ ಸಾಕು, ನೀವು ಪಿಕ್ಕಾಸು ಹುಡುಕ್ತೀರಿ.”

ನಾನು ಅವರಿಂದ ನನ್ನ ನಾಚಿಕೆಯನ್ನು ಅಡಗಿಸಿಕೊಂಡು ಅಂಗಡಿಗಳಲ್ಲಿ ನಿಂತಿದ್ದ ಅಷ್ಟು ವರ್ಷ, ಅವರು ನಾನು ಕೂಗಿದ ಒಂದು ಮಾತಿನ ಹೆದರಿಕೆಯನ್ನು ಹೊತ್ತು ಅದೇ ಬೀದಿಯಲ್ಲಿ ತಿರುಗುತ್ತಿದ್ದರು. ನನ್ನದು ಅವರಿಗೆ ನೆನಪಾದರೂ ಇತ್ತೋ ಇಲ್ಲವೋ. ನಾನು ಹೊರಗೆ ಬಂದು, “ನಮ್ಮ ಮಗಳ ಕಣ್ಣು ಚೆನ್ನಾಗಿ ಉಂಟು ಬಾಯಿ, ನಿಮ್ಮ ಕೈ ತಪ್ಪಲಿಲ್ಲ” ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಹೇಳಬೇಕಾದವನು ನಾನೊಬ್ಬನೇ.

ಕೋರೆಗೆ ಹೋಗಲಿಲ್ಲ. ಮೂವರೂ ಬಸ್ಸು ಹತ್ತಿದೆವು. ಇಗರ್ಜಿಯ ಗೇಟಿನವರೆಗೆ ನನ್ನ ಕಾಲು ಬಂತು, ಒಳಗೆ ಬರಲಿಲ್ಲ. ಹೆಂಡತಿ ಹೂ ಹಿಡಿದುಕೊಂಡು ಒಳಗೆ ಹೋದಳು.

ಮಗಳೂ ನಾನೂ ಹೊರಗಿನ ಪಾಗಾರದ ಪಕ್ಕ ನಿಂತೆವು. ನಮ್ಮ ಕಡೆಯ ಮುರಕಲ್ಲಿನದೇ ಪಾಗಾರ, ಅಂಚು ಸರಿಯಾಗಿ ಕೆತ್ತಿರಲಿಲ್ಲ. ದೂರದ ಮೂಲೆಯಲ್ಲಿ ಹೊಸ ಮಣ್ಣು, ಅದರ ತಲೆಗೆ ಬಿಳಿ ಬಣ್ಣದ ಮರದ ಶಿಲುಬೆ. ಅದರ ಮೇಲೆ ಕಪ್ಪಗೆ ಏನೋ ಬರೆದ ಹಾಗೆ ಕಾಣುತ್ತಿತ್ತು. ಕಲ್ಲಿನ ಧೂಳಿನಲ್ಲಿ ದುಡಿದ ನನ್ನ ಕಣ್ಣಿಗೆ ಅಷ್ಟು ದೂರದ ಅಕ್ಷರ ಹಿಡಿಯಲಿಲ್ಲ.

“ಮಗಾ, ಅಲ್ಲಿ ಏನು ಬರೆದದ್ದು, ಓದು” ಎಂದೆ.

ಮಗಳು ಪಾಗಾರದ ಮೇಲೆ ಗಲ್ಲ ಊರಿ, ಕಣ್ಣು ಕಿರಿದು ಮಾಡದೆ, ಒಂದೇ ಉಸಿರಿಗೆ ಓದಿದಳು. ಒಂದು ಹೆಸರು. ನನ್ನ ಮಗುವಿಗೆ ಉಸಿರು ಉಳಿಸಿಕೊಟ್ಟವರಿಗೆ ಒಂದು ಹೆಸರು ಇತ್ತೆಂದು ನಾನು ಆವತ್ತೇ ಕೇಳಿದ್ದು.

“ಇನ್ನೂ ದೂರದ್ದು ಓದಲಾ ಅಪ್ಪ?” ಎಂದಳು.

“ಬೇಡ. ಅದನ್ನೇ ಇನ್ನೊಮ್ಮೆ ಓದು. ದೊಡ್ಡದಾಗಿ ಓದು.”

ಈಗ ನನ್ನಲ್ಲಿ ಇರುವುದು: ನಾನೇ ಕಡಿದ ಕಲ್ಲಿನಿಂದ ಕಟ್ಟಿದ ಒಂದು ಮನೆ. ಒಂದು ಬಾವಿ. ಪಿಕ್ಕಾಸು ಎರಡು, ಒಂದರ ಕಾವು ಮುರಿದಿದೆ. ಹೆಂಡತಿ ಇದ್ದಾಳೆ. ಮೊಮ್ಮಕ್ಕಳು ಇಬ್ಬರು. ನನ್ನ ಕಣ್ಣಿನಲ್ಲಿ ಒಂದಕ್ಕೆ ಪೊರೆ ಬಂದಿದೆ, ಇನ್ನೊಂದು ಪರವಾಗಿಲ್ಲ. ಮಗಳು ಒಬ್ಬಳು. ಅವಳ ಕಣ್ಣು ಎರಡು.